ಎದೆಯ ಗಂಟೆಲ್ಲ ಟಿಬಿ ಅಲ್ಲ: ಸಾರ್ಕಾಯ್ಡೋಸಿಸ್ ಅಂದರೆ ಏನು?

ನಮ್ಮಕ್ಕನಿಗೆ ಒಣಕೆಮ್ಮು ಶುರುವಾದಾಗ ಮನೆಯವರೆಲ್ಲ ಬೈದದ್ದು ಆಲೆಮನೆಯನ್ನು. ಮಂಡ್ಯದ ಹತ್ತಿರದ ಹಳ್ಳಿ ಅವಳದು. ಹಿತ್ತಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಆಲೆಮನೆ ಇದೆ. ಅಲ್ಲಿ ಒಲೆ ಹೊತ್ತಿಸಿದರೆ ಹೊಗೆ ನೇರ ಇವರ ಅಡುಗೆಮನೆಗೇ ಬರುತ್ತದೆ. ಕೆಮ್ಮು ಬರದೆ ಇನ್ನೇನು ಬರುತ್ತದೆ ಅಂದುಕೊಂಡೆವು. ಎರಡು ತಿಂಗಳಾದರೂ ಅದು ಬಿಡಲಿಲ್ಲ. ಜೊತೆಗೆ ವಿಪರೀತ ಸುಸ್ತು. ಟೈಲರಿಂಗ್ ಮಾಡುವವಳು ಅವಳು. ಒಂದು ರವಿಕೆ ಮುಗಿಸುವಷ್ಟರಲ್ಲಿ ಎರಡು ಸಲ ಹೋಗಿ ಮಲಗುತ್ತಿದ್ದಳು.

ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಎಕ್ಸ್‌ರೇ ತೆಗೆಸಿದರು. ಎದೆಯ ನಡುಭಾಗದಲ್ಲಿ, ಶ್ವಾಸಕೋಶದ ಬುಡದ ಹತ್ತಿರ, ಎರಡೂ ಕಡೆ ಗಂಟು. 'ಟಿಬಿ ಇರಬೇಕು' ಅಂದರು. ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಒಣಕೆಮ್ಮಿನವರು ಕಫ ಎಲ್ಲಿಂದ ತರಬೇಕು ಹೇಳಿ? ಡಬ್ಬಿಗೆ ಬಿದ್ದದ್ದು ಬರೀ ಎಂಜಲು. ಆದರೂ ಟಿಬಿ ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಕ್ಕ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಳು. ನನ್ನ ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದಳು. ಆಮೇಲೆ ಮತ್ತೆ ಎಕ್ಸ್‌ರೇ ತೆಗೆದರೆ ಗಂಟು ಇದ್ದಲ್ಲೇ ಇತ್ತು.

ಆಗ ಅವಳನ್ನು ಮೈಸೂರಿಗೆ ನಮ್ಮನೆಗೆ ಕರೆದುಕೊಂಡು ಬಂದೆ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದ ಮೇಲೆ ಗೊತ್ತಾಯಿತು, ಅವಳಿಗಿದ್ದದ್ದು ಸಾರ್ಕಾಯ್ಡೋಸಿಸ್. ನಾನು ಡಾಕ್ಟರಲ್ಲ. ಎರಡು ವರ್ಷ ಅವಳ ಫೈಲ್ ಹಿಡಿದು ಎದೆರೋಗದ ವಿಭಾಗ, ಕಣ್ಣಿನ ವಿಭಾಗ, ಲ್ಯಾಬು ಅಂತ ತಿರುಗಿದವನು. ಡಾಕ್ಟರಿಗೆ ಕೇಳಿದ್ದು, ಆಮೇಲೆ ಓದಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಆ ಕ್ಲಿನಿಕ್‌ನವರ ಮೇಲೆ ನನಗೆ ಆಗ ಸಿಟ್ಟಿತ್ತು, ಈಗ ಅಷ್ಟಿಲ್ಲ. ನಮ್ಮ ದೇಶದಲ್ಲಿ ಎದೆಯ ಗಂಟು ನೋಡಿದ ಡಾಕ್ಟರಿಗೆ ಮೊದಲು ಟಿಬಿ ನೆನಪಾಗುವುದು ಸಹಜ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತದವರು. ಮೈಸೂರಿನವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆಆರ್‌ಎಸ್ ರಸ್ತೆಯಲ್ಲಿರುವ ಪಿಕೆಟಿಬಿ ಆಸ್ಪತ್ರೆಯ ಹೆಸರಲ್ಲಿರುವುದು ರಾಜಕುಮಾರಿ ಕೃಷ್ಣಾಜಮ್ಮಣ್ಣಿ. ನಾಲ್ವಡಿಯವರ ಸೋದರಿ. ಅವರನ್ನೇ ಕ್ಷಯ ಬಿಡಲಿಲ್ಲ. ಹಾಗಾಗಿ ಟಿಬಿ ಅಂತ ಅನುಮಾನಿಸಿದ್ದು ತಪ್ಪಲ್ಲ. ಸಾಕ್ಷಿ ಸಿಗದಿದ್ದಾಗಲೂ ಅನುಮಾನವನ್ನೇ ಆರು ತಿಂಗಳು ನಂಬಿ ಕೂತದ್ದು ತಪ್ಪು.

ಹಾಗಾದರೆ ಸಾರ್ಕಾಯ್ಡೋಸಿಸ್ ಅಂದರೆ ಏನು?

ನಮ್ಮ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತು ಅಂತ ಯಾರಾದರೂ ಕೂಗಿದರೆ ಏನಾಗುತ್ತದೆ ಗೊತ್ತಲ್ವಾ? ದೊಣ್ಣೆ, ಟಾರ್ಚು ಹಿಡಿದು ಊರಿಗೆ ಊರೇ ಗದ್ದೆಯ ಸುತ್ತ ನಿಲ್ಲುತ್ತದೆ. ನಮ್ಮ ದೇಹವೂ ಹಾಗೇ. ಕೊಂದು ಮುಗಿಸಲಾಗದ ಏನೋ ಒಂದು ಒಳಗೆ ಬಂದಿದೆ ಅನ್ನಿಸಿದರೆ, ರಕ್ಷಣೆಯ ಬಿಳಿ ರಕ್ತಕಣಗಳು ಅದನ್ನು ಸುತ್ತುಗಟ್ಟಿ ನಿಲ್ಲುತ್ತವೆ. ಒತ್ತೊತ್ತಾಗಿ ನಿಂತ ಆ ಗುಂಪಿಗೆ ಗ್ರಾನ್ಯುಲೋಮ ಅಂತ ಹೆಸರು. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗಂಟು ಅದು. ಇಂಥ ನೂರಾರು ಸೇರಿದಾಗ ಎಕ್ಸ್‌ರೇಯಲ್ಲಿ ಕಾಣುತ್ತದೆ.

ಟಿಬಿಯಲ್ಲಿ ಗದ್ದೆಯೊಳಗೆ ನಿಜವಾಗಿಯೂ ಚಿರತೆ ಇದೆ. ಸಾರ್ಕಾಯ್ಡೋಸಿಸ್‌ನಲ್ಲಿ ಎಷ್ಟು ಹುಡುಕಿದರೂ ಚಿರತೆ ಸಿಗುವುದಿಲ್ಲ. ಬಂದು ಹೋಗಿತ್ತೋ, ನಾಯಿಯನ್ನು ನೋಡಿ ಕೂಗಿದರೋ, ಯಾರಿಗೂ ಗೊತ್ತಿಲ್ಲ. ಗುಂಪು ಮಾತ್ರ ನಿಂತೇ ಇದೆ. ಬಹಳ ಜನರಲ್ಲಿ ಈ ಗುಂಪು ತಾನಾಗಿಯೇ ಮನೆಗೆ ಹೋಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ಅಷ್ಟು ಜನ ಅಷ್ಟು ದಿನ ತುಳಿದರೆ ಕಬ್ಬು ಉಳಿಯುತ್ತದಾ? ಶ್ವಾಸಕೋಶ ಗಾಯದ ಕಲೆಯ ಹಾಗೆ ಗಟ್ಟಿಯಾಗುವುದು ಹೀಗೆ.

ಈ ಗಲಾಟೆ ಶುರುವಾಗಲು ಕಾರಣ ಇಂಥದ್ದೇ ಅಂತ ಇವತ್ತಿಗೂ ಯಾರೂ ತೋರಿಸಿಲ್ಲ. ಹುಟ್ಟಿನಿಂದ ಬಂದ ಗುಣ ಸ್ವಲ್ಪ, ಹೊರಗಿನ ಧೂಳೋ ರೋಗಾಣುವೋ ಕೊಟ್ಟ ಕಿಡಿ ಸ್ವಲ್ಪ ಅನ್ನುತ್ತಾರೆ. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರ ಕುಸಿದಾಗ ಆ ಧೂಳು ಕುಡಿದ ಅಗ್ನಿಶಾಮಕ ದಳದವರಲ್ಲಿ ಈ ಕಾಯಿಲೆ ಜಾಸ್ತಿ ಕಂಡಿತು. ಉತ್ತರ ಯುರೋಪಿನವರಲ್ಲಿ, ಅಮೆರಿಕದ ಕಪ್ಪು ಜನರಲ್ಲಿ ಹೆಚ್ಚು. ಬರುವುದು ಹೆಚ್ಚಾಗಿ ದುಡಿಯುವ ವಯಸ್ಸಿನಲ್ಲಿ, 25ರಿಂದ 50ರ ಒಳಗೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ಕೇಳಿದ ದಿನ ಅಕ್ಕ ಮಾಡಿದ ಮೊದಲ ಕೆಲಸ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡದ್ದು.

ಹೆಸರಿನ ಕಥೆ ಚಿಕ್ಕದು. 1869ರಲ್ಲಿ ಲಂಡನ್ನಿನ ಜೋನಾಥನ್ ಹಚಿನ್ಸನ್ ಎಂಬ ಡಾಕ್ಟರು ಒಬ್ಬ ರೋಗಿಯ ಚರ್ಮದ ಮೇಲೆ ನೇರಳೆ ಬಣ್ಣದ ಗಂಟು ಕಂಡರು. 1899ರಲ್ಲಿ ನಾರ್ವೆಯ ಸೀಸರ್ ಬೋಕ್ ಅಂಥ ಗಂಟನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಸಾರ್ಕೋಮ ಎಂಬ ಕ್ಯಾನ್ಸರಿನ ಹಾಗಿದೆ, ಆದರೆ ಅದಲ್ಲ ಎಂದು 'ಸಾರ್ಕಾಯ್ಡ್' ಎಂದು ಕರೆದರು. ಗ್ರೀಕಿನಲ್ಲಿ ಮಾಂಸದ ಥರದ್ದು ಎಂದರ್ಥ. ಈ ಹೆಸರಿನಿಂದ ಆಗುವ ತೊಂದರೆ ಒಂದಿದೆ. ಭಾವ ಮೊಬೈಲಿನಲ್ಲಿ ಹುಡುಕುವಾಗ ಸ್ಪೆಲಿಂಗ್ ತಪ್ಪಿ ಸಾರ್ಕೋಮ ಓದಿದರು. ರಾತ್ರಿಯೆಲ್ಲ ನಿದ್ದೆ ಇಲ್ಲ. ಸಾರ್ಕಾಯ್ಡೋಸಿಸ್ ಕ್ಯಾನ್ಸರ್ ಅಲ್ಲ.

ಇನ್ನು ಲಕ್ಷಣಗಳು. ಇಲ್ಲೇ ಎಲ್ಲರೂ ದಾರಿ ತಪ್ಪುವುದು, ಯಾಕೆಂದರೆ ಈ ಗಂಟು ಮೈಯಲ್ಲಿ ಎಲ್ಲಿ ಬೇಕಾದರೂ ಕೂರಬಹುದು. 100 ರೋಗಿಗಳಲ್ಲಿ 90ಕ್ಕಿಂತ ಹೆಚ್ಚು ಮಂದಿಗೆ ಶ್ವಾಸಕೋಶದಲ್ಲಿ ಅಥವಾ ಎದೆಯೊಳಗಿನ ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್) ಇರುತ್ತದೆ. ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಎದೆಯಲ್ಲಿ ಏನೋ ಹಿಡಿದ ಹಾಗೆ. ಕೆಲವರಿಗೆ ಏನೂ ಇರುವುದಿಲ್ಲ. ಕೆಲಸಕ್ಕೆ ಸೇರುವಾಗಲೋ ಆಪರೇಷನ್ನಿಗೆ ಮುಂಚೆಯೋ ತೆಗೆದ ಎಕ್ಸ್‌ರೇಯಲ್ಲಿ ಸುಮ್ನೆ ಸಿಕ್ಕಿಬೀಳುತ್ತದೆ.

ಸುಸ್ತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೆಲಸ ಮಾಡಿ ಆಗುವ ಆಯಾಸ ಅಲ್ಲ ಇದು. ಎಂಟು ಗಂಟೆ ಮಲಗಿ ಎದ್ದರೂ ಗದ್ದೆ ನಾಟಿ ಮಾಡಿ ಬಂದವರ ಹಾಗಿರುತ್ತಾರೆ. ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಚೆನ್ನಾಗಿದೆ ಅಂದ ಮೇಲೂ ಈ ಸುಸ್ತು ಉಳಿಯಬಹುದು. ಅತ್ತೆಮನೆಯವರು ಇದನ್ನು ಸೋಮಾರಿತನ ಅಂದರೆ ರೋಗಿಗೆ ಕಾಯಿಲೆಗಿಂತ ಅದೇ ಜಾಸ್ತಿ ನೋಯುತ್ತದೆ.

ಚರ್ಮದಲ್ಲಿ ಬಗೆಬಗೆಯಾಗಿ ಬರುತ್ತದೆ. ಮೂಗು, ಕೆನ್ನೆಯ ಮೇಲೆ ಕೆಂಪು ನೇರಳೆ ದಡ್ಡು. ಎಷ್ಟೋ ವರ್ಷದ ಹಳೆಯ ಗಾಯದ ಕಲೆ ಇದ್ದಕ್ಕಿದ್ದಂತೆ ಉಬ್ಬುವುದು. ಹಚ್ಚೆ ಹಾಕಿಸಿಕೊಂಡ ಜಾಗದಲ್ಲೂ ಹೀಗೆ ಉಬ್ಬುತ್ತದೆ. ಇನ್ನೊಂದು ಥರ ಇದೆ: ಮೊಣಕಾಲಿನ ಕೆಳಗೆ, ಮುಂದಿನ ಮೂಳೆಯ ಮೇಲೆ, ಮುಟ್ಟಿದರೆ ಜೀವ ಹೋಗುವಂಥ ಕೆಂಪು ಗಂಟು. ಜೊತೆಗೆ ಜ್ವರ, ಎರಡೂ ಕಣಕಾಲಿನ ಕೀಲು ಊದುವುದು, ಎಕ್ಸ್‌ರೇಯಲ್ಲಿ ಎರಡೂ ಕಡೆ ಗ್ರಂಥಿ ದಪ್ಪ. ಇದನ್ನು ಸ್ವೀಡನ್ನಿನ ಡಾಕ್ಟರ ಹೆಸರಿನಲ್ಲಿ ಲಾಫ್‌ಗ್ರೆನ್ ಸಿಂಡ್ರೋಮ್ ಅನ್ನುತ್ತಾರೆ. ಶುರುವಾಗುವಾಗ ಇದರಷ್ಟು ಆರ್ಭಟ ಇನ್ನೊಂದಿಲ್ಲ. ತಮಾಷೆಯೆಂದರೆ ಬೇಗ, ಪೂರ್ತಿಯಾಗಿ ವಾಸಿಯಾಗುವುದೂ ಹೆಚ್ಚಾಗಿ ಇದೇ.

ಕಣ್ಣು. ಅಕ್ಕನಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ವಯಸ್ಸು 44, ಚಾಳೀಸು ಬಂತು ಅಂತ ನಗಾಡಿದೆವು. ಮೈಸೂರಿನ ಎದೆರೋಗದ ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನವೇ ಕಣ್ಣಿನ ವಿಭಾಗಕ್ಕೆ ಚೀಟಿ ಬರೆದರು. ಕೆಮ್ಮಿಗೂ ಕಣ್ಣಿಗೂ ಏನು ಸಂಬಂಧ ಅಂತ ನಾನು ಗೊಣಗಿದೆ. ಗಲ್ಲ ಊರಿ ನೋಡುವ ಮಶೀನಿನಲ್ಲಿ ನೋಡಿದರೆ ಕಣ್ಣೊಳಗೆ ಉರಿಯೂತ ಇತ್ತು. ಅದಕ್ಕೆ ಯೂವಿಯೈಟಿಸ್ ಅನ್ನುತ್ತಾರೆ. ಕಣ್ಣು ಕೆಂಪಾಗಿರಲಿಲ್ಲ, ನೋವೂ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ದೃಷ್ಟಿಗೇ ಕುತ್ತು ಬರಬಹುದಿತ್ತು. ಅದಕ್ಕೇ ಸಾರ್ಕಾಯ್ಡೋಸಿಸ್ ಅಂತ ಗೊತ್ತಾದ ಪ್ರತಿಯೊಬ್ಬರೂ, ತೊಂದರೆ ಇರಲಿ ಬಿಡಲಿ, ಒಂದು ಸಲ ಕಣ್ಣು ತೋರಿಸಬೇಕು.

ಹೃದಯಕ್ಕೆ ಬರುವುದು ಕಡಿಮೆ, ಆದರೆ ಭಯಪಡಬೇಕಾದದ್ದು ಅದಕ್ಕೇ. ಗಂಟು ಹೃದಯದ ಕರೆಂಟ್ ದಾರಿಯಲ್ಲಿ ಕೂತರೆ ಬಡಿತ ತಪ್ಪುತ್ತದೆ. ಎದೆ ಡವಡವ ಅನ್ನುವುದು, ಕಣ್ಣು ಕತ್ತಲೆ ಬಂದು ಬೀಳುವುದು ಆದರೆ ನಾಳೆ ನೋಡೋಣ ಅನ್ನಬೇಡಿ. ಒಂದು ಇಸಿಜಿ ಎಲ್ಲರಿಗೂ ತೆಗೆಯುತ್ತಾರೆ. ಅದರಲ್ಲಿ ಅನುಮಾನ ಬಂದರೆ ಹೃದಯದ ಎಂಆರ್‌ಐ, ಪೆಟ್ ಸ್ಕ್ಯಾನ್. ಮುಖ ಒಂದು ಕಡೆ ಸೊಟ್ಟಗಾಗುವುದು, ಕಿವಿಯ ಕೆಳಗೆ ಮಂಗನಬಾವಿನ ಹಾಗೆ ಊತ, ಪಾದ ಉರಿ, ಇವೂ ಈ ಕಾಯಿಲೆಯ ವೇಷಗಳೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟಿಬಿಯಾ, ಸಾರ್ಕಾಯ್ಡಾ, ಹೇಗೆ ಗೊತ್ತಾಗುತ್ತದೆ?

ರಾತ್ರಿ ಜ್ವರ, ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ ಮನಸ್ಸು ಟಿಬಿ ಕಡೆ ವಾಲುತ್ತದೆ. ಎದೆಯ ಎರಡೂ ಕಡೆ ಒಂದೇ ಸಮನಾಗಿ ಗ್ರಂಥಿ ಊದಿ, ನೋಡಲು ರೋಗಿ ಗಟ್ಟಿಮುಟ್ಟಾಗಿದ್ದರೆ ಸಾರ್ಕಾಯ್ಡ್ ಕಡೆ. ಆದರೆ ಎರಡೂ ಅದಲುಬದಲಾಗಬಹುದು. ಕೈಗೆ ಚುಚ್ಚಿ ಮೂರು ದಿನದ ಮೇಲೆ ನೋಡುವ ಮಾಂಟೂ ಪರೀಕ್ಷೆ ಇಲ್ಲಿ ಒಂದು ವಿಚಿತ್ರ ಸುಳಿವು ಕೊಡುತ್ತದೆ. ನಮ್ಮಲ್ಲಿ ತುಂಬ ಜನ ಯಾವತ್ತೋ ಟಿಬಿ ರೋಗಾಣುವಿನ ಪರಿಚಯ ಆದವರೇ, ಹಾಗಾಗಿ ಅವರ ಕೈ ಉಬ್ಬುತ್ತದೆ. ಸಾರ್ಕಾಯ್ಡೋಸಿಸ್ ಇದ್ದವರ ಕೈ ಹೆಚ್ಚಾಗಿ ಚಪ್ಪಟೆಯಾಗೇ ಇರುತ್ತದೆ. ರಕ್ಷಣೆಯ ಕಣಗಳೆಲ್ಲ ಎದೆಯ ಗುಂಪಿನಲ್ಲಿ ನಿಂತಿರುವಾಗ ಕೈಗೆ ಬರುವವರು ಯಾರು! ಎಸಿಇ ಅಂತ ಒಂದು ರಕ್ತ ಪರೀಕ್ಷೆಯನ್ನೂ ಬರೆಯುತ್ತಾರೆ. ಸಾರ್ಕಾಯ್ಡಿನಲ್ಲಿ ಅದು ಏರುವುದುಂಟು. ಆದರೆ ಬೇರೆ ಕಾಯಿಲೆಗಳಲ್ಲೂ ಏರುತ್ತದೆ, ಸಾರ್ಕಾಯ್ಡ್ ಇದ್ದೂ ಏರದೆ ಇರುತ್ತದೆ. ಅದೊಂದನ್ನೇ ನೋಡಿ ತೀರ್ಮಾನ ಮಾಡುವ ಹಾಗಿಲ್ಲ.

ಕೊನೆಗೆ ಹೆಚ್ಚಿನವರಿಗೆ ಚೂರು ತೆಗೆಯಲೇಬೇಕು. ಎದೆಯ ಗ್ರಂಥಿಗಾದರೆ ಈಗ ಇಬಸ್ ಎಂಬ ವಿಧಾನ ಇದೆ. ಬಾಯಿಯ ಮೂಲಕ ಶ್ವಾಸನಾಳಕ್ಕೆ ತೆಳು ಕೊಳವೆ ಇಳಿಸುತ್ತಾರೆ. ಅದರ ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್. ನಾಳದ ಗೋಡೆಯ ಆಚೆ ಇರುವ ಗ್ರಂಥಿಯನ್ನು ಪರದೆಯ ಮೇಲೆ ನೋಡುತ್ತಾ ಸೂಜಿ ಚುಚ್ಚುತ್ತಾರೆ. ಹೊರಗೆ ಕೊಯ್ಯುವುದಿಲ್ಲ, ಹೊಲಿಗೆ ಇಲ್ಲ. ಅಕ್ಕ ಬೆಳಿಗ್ಗೆ ಒಳಗೆ ಹೋದವಳು ಸಂಜೆಗೆ ಮನೆಯಲ್ಲಿದ್ದಳು. ಎರಡು ದಿನ ಗಂಟಲು ಕೆರೆತ ಇತ್ತು, ಅಷ್ಟೆ.

ಅಲ್ಲಿ ನಾನು ಕಲಿತ ಒಂದು ಸಣ್ಣ ಸಂಗತಿ ಎಲ್ಲರಿಗೂ ಗೊತ್ತಿರಲಿ. ಹೊರಗೆ ಬಂದ ನರ್ಸ್ ಕೈಯಲ್ಲಿ ಎರಡು ಬಾಟಲಿ ಇತ್ತು. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಫಾರ್ಮಲಿನ್‌ಗೆ ಹಾಕಿದ ಚೂರು ಮೈಕ್ರೋಸ್ಕೋಪಿಗೆ ಹೋಗುತ್ತದೆ. ಆದರೆ ಫಾರ್ಮಲಿನ್ ರೋಗಾಣುವನ್ನು ಕೊಂದುಬಿಡುತ್ತದೆ, ಅದರಿಂದ ಟಿಬಿ ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಆಗುವುದಿಲ್ಲ. ಕಲ್ಚರಿಗೆ ಸಲೈನಿನ ಚೂರೇ ಬೇಕು. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿಬಿಟ್ಟರೆ ಮತ್ತೆ ಚುಚ್ಚಿಸಿಕೊಳ್ಳಬೇಕು. 'ಟಿಬಿ ಪರೀಕ್ಷೆಗೂ ಕಳಿಸುತ್ತೀರಾ?' ಅಂತ ಒಂದು ಮಾತು ಕೇಳುವುದರಲ್ಲಿ ನಷ್ಟವಿಲ್ಲ. ಟಿಬಿಯ ಜೀನ್ ಹುಡುಕುವ ಪರೀಕ್ಷೆಯ ಫಲಿತಾಂಶ ಗಂಟೆಗಳಲ್ಲೇ ಬರುತ್ತದೆ. ಕಲ್ಚರಿಗೆ ಆರೇಳು ವಾರ ಹಿಡಿಯಬಹುದು.

ಅಕ್ಕನ ರಿಪೋರ್ಟಿನಲ್ಲಿ 'ನಾನ್ ಕೇಸಿಯೇಟಿಂಗ್ ಗ್ರಾನ್ಯುಲೋಮ' ಅಂತಿತ್ತು. ಟಿಬಿಯ ಗಂಟಿನ ಒಳಭಾಗ ಸಾಮಾನ್ಯವಾಗಿ ಸತ್ತು, ಗಿಣ್ಣಿನ ಹಾಗೆ ಮೆತ್ತಗಾಗಿರುತ್ತದೆ. ಅದು ಕೇಸಿಯೇಟಿಂಗ್. ಸಾರ್ಕಾಯ್ಡಿನ ಗಂಟು ಒಳಗೂ ಗಟ್ಟಿ. ಆದರೆ ಕೆಲವು ಸಲ ಟಿಬಿಯ ಗಂಟೂ ಗಿಣ್ಣಾಗಿರುವುದಿಲ್ಲ. ಹಾಗಾಗಿ ಒಳ್ಳೆಯ ಡಾಕ್ಟರು ಇದೊಂದು ಸಾಲು ಓದಿ ಮುಗಿಸುವುದಿಲ್ಲ. ರೋಗಿಯ ಕಥೆ, ಸ್ಕ್ಯಾನು, ಚೂರು, ಟಿಬಿಯ ಫಲಿತಾಂಶ ಎಲ್ಲ ಒಂದೇ ಕಡೆ ಬೆರಳು ತೋರಿಸಬೇಕು.

ಇಷ್ಟು ಯಾಕೆ ತಲೆಕೆಡಿಸಿಕೊಳ್ಳಬೇಕು? ಯಾಕೆಂದರೆ ಎರಡು ಕಾಯಿಲೆಯ ಔಷಧಿ ಒಂದಕ್ಕೊಂದು ಎದುರು ದಿಕ್ಕಿನವು. ಟಿಬಿ ಮಾತ್ರೆ ಚಿರತೆಯನ್ನು ಕೊಲ್ಲುತ್ತದೆ. ಸಾರ್ಕಾಯ್ಡಿಗೆ ಕೊಡುವ ಸ್ಟೀರಾಯ್ಡ್, ಸುತ್ತ ನಿಂತ ಗುಂಪನ್ನು ಚದುರಿಸುತ್ತದೆ. ಚಿರತೆಯೇ ಇಲ್ಲದ ಕಡೆ ಬಂದೂಕು ಹಾರಿಸಿದರೆ ಆರು ತಿಂಗಳು ಹಾಳು, ಅಕ್ಕನಿಗೆ ಆದದ್ದು ಅದು. ಚಿರತೆ ಒಳಗೆ ಇರುವಾಗ ಗುಂಪನ್ನು ಮನೆಗೆ ಕಳಿಸಿದರೆ? ಟಿಬಿ ಮೈತುಂಬ ಹರಡಬಹುದು. ಈ ಎರಡನೇ ತಪ್ಪು ಮೊದಲನೆಯದಕ್ಕಿಂತ ಕೆಟ್ಟದ್ದು.

ಚಿಕಿತ್ಸೆಯ ಮೊದಲ ಆಶ್ಚರ್ಯ: ಬಹಳ ಮಂದಿಗೆ ಚಿಕಿತ್ಸೆಯೇ ಬೇಕಿಲ್ಲ. ಎಕ್ಸ್‌ರೇ ನೋಡಿ 0ರಿಂದ 4ರವರೆಗೆ ಸ್ಟೇಜ್ ಹೇಳುತ್ತಾರೆ. ಕ್ಯಾನ್ಸರಿನ ಸ್ಟೇಜಿನ ಹಾಗೆ ಮೆಟ್ಟಿಲಲ್ಲ ಅದು. 1ರಲ್ಲಿ ಬರೀ ಗ್ರಂಥಿ ಊದಿರುತ್ತದೆ, 2ರಲ್ಲಿ ಗ್ರಂಥಿಯ ಜೊತೆ ಶ್ವಾಸಕೋಶವೂ, 3ರಲ್ಲಿ ಬರೀ ಶ್ವಾಸಕೋಶ, 4ರಲ್ಲಿ ಗಟ್ಟಿಯಾದ ಕಲೆ. ಸ್ಟೇಜ್ 1ರ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಕರಗುತ್ತದೆ. ಅಂಥವರಿಗೆ ಮೂರು ತಿಂಗಳಿಗೋ ಆರು ತಿಂಗಳಿಗೋ ಬನ್ನಿ ಅಂತ ಹೇಳಿ ಕಳಿಸುತ್ತಾರೆ. ನಮ್ಮ ಜನಕ್ಕೆ ಇದು ಒಗ್ಗುವುದಿಲ್ಲ. 'ಅಷ್ಟು ದೂರದಿಂದ ಬಸ್ ಹತ್ತಿ ಬಂದ್ರೆ ಒಂದು ಮಾತ್ರೆನೂ ಬರ್ಕೊಡ್ಲಿಲ್ಲ' ಅಂತ ಒಬ್ಬರು ನನ್ನ ಪಕ್ಕದಲ್ಲೇ ಕೂತು ಬೈಯುತ್ತಿದ್ದರು. ಅವರು ಆ ಸಾಲಿನಲ್ಲಿದ್ದ ಅದೃಷ್ಟವಂತರು ಅಂತ ಅವರಿಗೆ ಹೇಳಲು ಹೋಗಲಿಲ್ಲ.

ಚಿಕಿತ್ಸೆ ಬೇಕಾಗುವುದು ಕಣ್ಣು, ಹೃದಯ, ನರ ಕೆಟ್ಟಾಗ, ಉಸಿರಿನ ಶಕ್ತಿ ಇಳಿಯುತ್ತಿರುವಾಗ, ಕ್ಯಾಲ್ಸಿಯಂ ಏರಿದಾಗ ಅಥವಾ ದಿನನಿತ್ಯದ ಬದುಕೇ ಕಷ್ಟವಾದಾಗ. ಮೊದಲ ಔಷಧಿ ಸಾಮಾನ್ಯವಾಗಿ ಪ್ರೆಡ್ನಿಸಲೋನ್ ಎಂಬ ಸ್ಟೀರಾಯ್ಡ್. ಶ್ವಾಸಕೋಶಕ್ಕಾದರೆ ದಿನಕ್ಕೆ 20ರಿಂದ 40 ಮಿಲಿಗ್ರಾಂನಲ್ಲಿ ಶುರುಮಾಡಿ, ನಿಧಾನವಾಗಿ ಇಳಿಸುತ್ತಾ ಹೋಗುತ್ತಾರೆ. ಒಟ್ಟು ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ. ಅಗ್ಗದ ಮಾತ್ರೆ, ಕೆಲಸವೂ ಬೇಗ. ಮೂರನೇ ವಾರಕ್ಕೆ ಅಕ್ಕನ ಕೆಮ್ಮು ನಿಂತಿತ್ತು. ಬೆಲೆ ತೆರಬೇಕಾದದ್ದು ಬೇರೆ ಕಡೆ: ಮುಖ ದುಂಡಗಾಯಿತು, ರಾತ್ರಿ ಹನ್ನೊಂದಕ್ಕೆ ಎದ್ದು ಅನ್ನ ಹುಡುಕುತ್ತಿದ್ದಳು, ಸಕ್ಕರೆ ಗಡಿ ದಾಟಿತು. ಬಿಪಿ ಏರುವುದು, ಮೂಳೆ ಸವೆಯುವುದು, ನಿದ್ದೆ ಬಿಡುವುದೂ ಇದರ ಜೊತೆಗಾರರೇ.

ಆಗ ಪಕ್ಕದ ಮನೆಯವರು ಬಂದು ಸ್ಟೀರಾಯ್ಡ್ ಕಿಡ್ನಿ ತಿಂದುಬಿಡುತ್ತೆ ಅಂತ ಹೆದರಿಸಿದರು. ಯಾರಿಗೂ ಹೇಳದೆ ಅಕ್ಕ ಮಾತ್ರೆ ನಿಲ್ಲಿಸಿದಳು. ಕೆಲವೇ ದಿನದಲ್ಲಿ ವಾಂತಿ, ಎದ್ದು ನಿಂತರೆ ತಲೆಸುತ್ತು. ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಸ್ವಲ್ಪ ಸ್ಟೀರಾಯ್ಡ್ ತಾನೇ ತಯಾರಿಸುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಸರಬರಾಜು ಆದರೆ ಅದು ರಜಾ ಹಾಕಿ ಮಲಗುತ್ತದೆ. ಮಾತ್ರೆ ದಿಢೀರ್ ನಿಂತರೆ ಒಳಗೂ ಇಲ್ಲ, ಹೊರಗೂ ಇಲ್ಲ. ಜೀವಕ್ಕೇ ಸಂಚಕಾರ ಬರುವಂಥ ಸ್ಥಿತಿ. ಸ್ಟೀರಾಯ್ಡಿನ ಭಯ ಇರಲಿ, ತೊಂದರೆಯಿಲ್ಲ. ಅದನ್ನು ಡಾಕ್ಟರ ಮುಂದೆ ಹೇಳಿ, ಇಳಿಸುವ ಲೆಕ್ಕ ಅವರ ಕೈಯಲ್ಲೇ ಬರೆಸಿಕೊಳ್ಳಿ.

ಡೋಸ್ ಇಳಿಸಿದಾಗೆಲ್ಲ ಕಾಯಿಲೆ ಮರುಕಳಿಸಿದರೆ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತಾರೆ. 2025ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಕ್ಟರುಗಳು ಒಂದು ಅಧ್ಯಯನ ಪ್ರಕಟಿಸಿದರು. ಶ್ವಾಸಕೋಶದ ಸಾರ್ಕಾಯ್ಡೋಸಿಸ್‌ಗೆ ಮೊದಲ ಔಷಧಿಯಾಗಿಯೇ ಮೆಥೊಟ್ರೆಕ್ಸೇಟ್ ಕೊಟ್ಟರೂ, ಆರು ತಿಂಗಳ ಹೊತ್ತಿಗೆ ಸ್ಟೀರಾಯ್ಡಿಗೆ ಕಮ್ಮಿಯಿಲ್ಲದ ಫಲಿತಾಂಶ ಬಂತು. ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ನಮ್ಮಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರಕ್ಕೂ ಟೈಲರ್ ಸೀಮೆಸುಣ್ಣದಲ್ಲಿ ನೀಲಿ ಗೀಟು ಹಾಕಿದ್ದಾಳೆ. ಇದರ ಜೊತೆ ಫೋಲಿಕ್ ಆಸಿಡ್, ಆಗಾಗ ಲಿವರ್ ಮತ್ತು ರಕ್ತಕಣಗಳ ಪರೀಕ್ಷೆ ಇರುತ್ತದೆ. ಬಸುರಿಯರಿಗೆ, ಮಗು ಬೇಕು ಅಂದುಕೊಂಡಿರುವವರಿಗೆ ಇದು ಕೂಡದು. ಕುಡಿಯುವವರು ಕುಡಿತ ಬಿಡಬೇಕು. ಇದಕ್ಕೂ ಬಗ್ಗದಿದ್ದರೆ ಅಜಾಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್ ಇವೆ. ಕೊನೆಯದು ದುಬಾರಿ, ಮತ್ತು ಮಲಗಿರುವ ಟಿಬಿಯನ್ನು ಎಬ್ಬಿಸುವ ಅಪಾಯ ಅದಕ್ಕಿದೆ. ನೋಡಿ, ಟಿಬಿ ಇಲ್ಲೂ ನಮ್ಮ ಬೆನ್ನು ಬಿಡುವುದಿಲ್ಲ.

ಕ್ಯಾಲ್ಸಿಯಂ ವಿಷಯ ಉಳಿಯಿತು. ಸುಸ್ತು ಅಂದ ಕೂಡಲೇ ಮೆಡಿಕಲ್ ಶಾಪಿನಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಕೇಳಿ ತರುವುದು ನಮ್ಮ ಅಭ್ಯಾಸ. ಈ ಕಾಯಿಲೆಯಲ್ಲಿ ಅದು ಎಡವಟ್ಟು. ಗ್ರಾನ್ಯುಲೋಮದಲ್ಲಿರುವ ಕಣಗಳು ವಿಟಮಿನ್ ಡಿಯನ್ನು ತಾವೇ ಚುರುಕಿನ ರೂಪಕ್ಕೆ ತಿರುಗಿಸುತ್ತವೆ, ಯಾರ ಅಪ್ಪಣೆಯೂ ಇಲ್ಲದೆ. ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು ಬರಬಹುದು. ರಕ್ತದಲ್ಲಿ ಡಿ ಕಡಿಮೆ ಅಂತ ರಿಪೋರ್ಟ್ ಬಂದರೂ ಒಳಗೆ ಚುರುಕಿನ ಡಿ ಜಾಸ್ತಿ ಇರಬಹುದು. ಹಾಗಾಗಿ ಕ್ಯಾಲ್ಸಿಯಂ ಎಷ್ಟಿದೆ ನೋಡದೆ ಈ ಮಾತ್ರೆ ಬೇಡ.

ಇದನ್ನು ಕೇಳಿ ಬಂದ ದಿನದಿಂದ ಅಕ್ಕ ರಾಗಿ ಮುದ್ದೆಯನ್ನು ಅನುಮಾನದಿಂದ ನೋಡತೊಡಗಿದಳು. ರಾಗಿಯಲ್ಲಿ ಕ್ಯಾಲ್ಸಿಯಂ ತುಂಬಿದೆ ಅಂತ ಶಾಲೆಯಲ್ಲಿ ಓದಿದ್ದು ನೆನಪಾಯಿತಂತೆ. ಎರಡು ತಿಂಗಳು ಅನ್ನ ಸಾರಿನಲ್ಲೇ ಕಾಲ ಹಾಕಿದಳು. ಕಳೆದ ಸಲ ಉಸಿರಿನ ಪರೀಕ್ಷೆಯ ಕೊಳವೆಗೆ 'ಊದಿ, ಇನ್ನೂ ಊದಿ' ಅಂತ ಟೆಕ್ನಿಷಿಯನ್ ಕೂಗಿ ಮುಗಿಸಿದ ಮೇಲೆ, ಡಾಕ್ಟರು ಎಲ್ಲ ಪುಟ ತಿರುವಿ ಹಾಕಿ, ಸ್ಟೀರಾಯ್ಡನ್ನು 5 ಮಿಲಿಗ್ರಾಂಗೆ ಇಳಿಸಿ, ಇನ್ನೇನಾದರೂ ಕೇಳುವುದಿದೆಯಾ ಅಂದರು. ಶ್ವಾಸಕೋಶದ ಬಗ್ಗೆ ಕೇಳುತ್ತಾಳೆ ಅಂದುಕೊಂಡೆ.

'ಮುದ್ದೆ ಉಣ್ಣಬಹುದಾ ಸಾರ್?' ಅಂದಳು.

ಅವರು ಕ್ಯಾಲ್ಸಿಯಂ ರಿಪೋರ್ಟಿನ ಮೇಲೆ ಬೆರಳಿಟ್ಟು ನೋಡಿದರು. 9.4 ಇತ್ತು. 'ಧಾರಾಳವಾಗಿ ಉಣ್ಣಿ' ಅಂದರು. ಅವತ್ತು ರಾತ್ರಿ ನಮ್ಮನೆಯಲ್ಲಿ ಮುದ್ದೆ, ಉಪ್ಸಾರು.